ಎತ್ತಿದ ಕೈ

ಬೆಳಿಗ್ಗೆ ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುವಾಗ ಅವಳು ಈಗೀಗ ನೀರು ಚಿಮುಕಿಸುತ್ತಿರಲಿಲ್ಲ. ಬಿಸಿ ಪೆಟ್ಟಿಗೆಯಡಿ ನೀರು ಚುಯ್ ಎಂದರೆ ಸಾಕು, ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡ ಹಾಗಾಗುತ್ತಿತ್ತು. ಒಣ ಇಸ್ತ್ರಿಗೆ ಕಾಲರಿನ ಸುಕ್ಕು ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಅದನ್ನೇ ತೀಡುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಹೋಗಿ ತೆಗೆದಳು.

ಬಂದವಳು ಮೆಕ್ಯಾನಿಕ್ ಹುಡುಗಿ. ಪಕ್ಕದೂರಿನ ರಿಪೇರಿ ಸಂಘದವಳು. ಸಹಕಾರ ಸಂಘಗಳ ಒಕ್ಕೂಟ ಅವಳನ್ನು ಲಾಂಡ್ರಿಯ ಬಾಯ್ಲರ್ ಸರಿಮಾಡಲು ಕಳಿಸಿತ್ತು. ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ಒಳಗೆ ನುಗ್ಗಿ ಪ್ಲಗ್ ಕಿತ್ತಳು. "ಅಂಗಿ ಹೋದ್ರೆ ಮಗು ಬನಿಯನ್‌ನಲ್ಲೇ ಶಾಲೆಗೆ ಹೋಗ್ಬೇಕಾಗತ್ತೆ ಅಕ್ಕ."

ತಾಯಿಯೂ ಅವಳ ನಾದಿನಿಯೂ ದುಡಿಯುತ್ತಿದ್ದ ಆ ಲಾಂಡ್ರಿ ಕೆಲಸಗಾರರದ್ದೇ ಸಂಘ. ಒಗೆಯುವವರೂ ಅವರೇ, ಯಜಮಾನರೂ ಅವರೇ. ಇಸ್ತ್ರಿಯಲ್ಲಿ ನಾದಿನಿಯದು ಎತ್ತಿದ ಕೈ, ತಮಾಷೆಯಲ್ಲೂ ಅಷ್ಟೆ. "ಓನರ್‌ನ ಬೈಬೇಕು ಅನ್ಸಿದ್ರೆ ಕನ್ನಡಿ ಮುಂದೆ ನಿಂತ್ಕೊಳ್ಳಿ ಅತ್ತಿಗೆ," ಅನ್ನುತ್ತಿದ್ದಳು. ಬಾಯ್ಲರಿನ ವಾಲ್ವ್ ಸಣ್ಣಗೆ ಸೋರತೊಡಗಿದಾಗ ಎಲ್ಲರೂ ಕೂತು ಮಾತಾಡಿದ್ದರು. ಆಸ್ಪತ್ರೆಯ ಹೊದಿಕೆಗಳು ರಾಶಿ ಬಿದ್ದಿದ್ದವು. ಅದೊಂದು ಮುಗಿಯಲಿ, ಆಮೇಲೆ ರಿಪೇರಿ ಮಾಡಿಸೋಣ ಎಂದಾಗ ಒಂದು ಕೈಯೂ ಕೆಳಗುಳಿಯಲಿಲ್ಲ. ನಾದಿನಿ ಎರಡೂ ಕೈ ಎತ್ತಿ, ಒಂದು ತನ್ನದು, ಇನ್ನೊಂದು ಬಾಯ್ಲರಿನದು ಎಂದು ಎಲ್ಲರನ್ನೂ ನಗಿಸಿದ್ದಳು. ರಾಶಿ ಕರಗುವ ಮೊದಲೇ ವಾಲ್ವ್ ಕಿತ್ತುಬಂತು. ಹಬೆಗೆ ಎದುರಾಗಿ ನಿಂತಿದ್ದವಳು ನಾದಿನಿಯೇ. ಆಸ್ಪತ್ರೆಯಲ್ಲಿ, ತಾನೇ ಇಸ್ತ್ರಿ ಮಾಡಿದ ಹೊದಿಕೆಗಳ ನಡುವೆ, ಅವಳು ಜೀವ ಬಿಟ್ಟಳು.

ಬೇರೆ ಕಡೆ ಆಗಿದ್ದರೆ ಮಾಲೀಕನಿಗೆ ಹಿಡಿಶಾಪ ಹಾಕಿ ಹಗುರಾಗಬಹುದಿತ್ತು. ತಾಯಿ ಮನೆಗೆ ಬಂದು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ತೂಗುಹಾಕಿದಳು. ಅಂದಿನಿಂದ ಅಂದಾಜಿನ ಮೇಲೆ ತಲೆ ಬಾಚಿಕೊಳ್ಳುತ್ತಿದ್ದಳು. ಸಂಘದ ಸಭೆಗೆ ಹೋಗುವುದನ್ನೂ ಬಿಟ್ಟಳು.

ಮಗಳು ಅತ್ತೆಯ ಮಾತನ್ನೇ ಎತ್ತುತ್ತಿರಲಿಲ್ಲ. ಆದರೆ ಒಂದು ದಿನ ಕಸ ಗುಡಿಸುವಾಗ ಮಂಚದಡಿ ಅವಳ ಗೊಂಬೆಗಳು ಸಿಕ್ಕವು. ಸಾಲಾಗಿ ಕೂತಿದ್ದವು. ಪ್ರತಿಯೊಂದರ ಒಂದು ಕೈಯನ್ನು ದಾರ ಸುತ್ತಿ ಮೇಲಕ್ಕೆ ಕಟ್ಟಿದ್ದಳು. ತಾಯಿ ದಾರ ಬಿಚ್ಚಲಿಲ್ಲ, ಯಾಕೆಂದು ಕೇಳಲೂ ಇಲ್ಲ. ತಾನು ಕೇಳಿದರೆ ಅವಳೂ ಕೇಳಿಯಾಳು. ಉತ್ತರ ಸಿಕ್ಕ ಮೇಲೆ ಈ ಮಗು ಮತ್ತೆ ತನ್ನ ಮಡಿಲಿಗೆ ಬಂದೀತೇ?

ಹೊಸ ವಾಲ್ವ್ ಕೂರಿಸಿಯಾಗಿದೆ ಎಂದಳು ಮೆಕ್ಯಾನಿಕ್. ಇಷ್ಟು ದಿನ ಇಲ್ಲಿನ ಬಟ್ಟೆಯನ್ನು ಡ್ರೈವರುಗಳ ಸಂಘ ಹೊತ್ತಿದೆ, ಬೇರೆ ಊರಿನ ಲಾಂಡ್ರಿ ಸಂಘಗಳು ತಮ್ಮ ಪಾಳಿ ಮುಗಿಸಿ ಇವರದ್ದನ್ನೂ ಒಗೆದು ಕಳಿಸಿವೆ. ಅವರೆಲ್ಲ ಸೋತು ಸುಣ್ಣವಾಗಿದ್ದಾರೆ. ಇವತ್ತು ಬಾಯ್ಲರ್ ಹಚ್ಚದಿದ್ದರೆ ಆಸ್ಪತ್ರೆಯವರು ಬೇರೆ ದಾರಿ ನೋಡಿಕೊಳ್ಳುತ್ತಾರೆ, ಲಾಂಡ್ರಿಗೆ ಬೀಗ.

"ಹಚ್ಚಿ. ಮಿಕ್ಕವ್ರೆಲ್ಲ ಇದ್ದಾರಲ್ಲ, ನಾನ್ಯಾಕೆ?"

"ನೀವು ಬಂದು ನೋಡಿ, ಮುಟ್ಟಿ, ಬೇಡ ಅನ್ಸಿದ್ರೆ ಬೇಡ ಅನ್ನಿ. ಅವತ್ತು ಎಲ್ಲರ ಕೈ ಮೇಲೆ ಹೋಯ್ತು, ಯಾರೂ ಬಾಯಿ ತೆಗೀಲಿಲ್ಲ. ಈ ಸಲ ಒಬ್ರು ಸುಮ್ನಿದ್ರೂ ನಾನು ಹಚ್ಚೋಳಲ್ಲ ಅಕ್ಕ."

ಇಷ್ಟು ಹೇಳಿ ಅವಳು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಾ ಕೂತಳು.

ಜಡೆ ಹಾಕಲು ತಾಯಿ ಮಗಳನ್ನು ಕರೆದಳು. ಬಾಗಿಲ ಮರೆಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದವಳು ಬಾಚಣಿಗೆ ಹಿಡಿದು ಬಂದಳು. ದಿನದ ಹಾಗೆ ಬೆನ್ನು ಮಾಡಿ ಕೂರಲಿಲ್ಲ. ಸ್ಟೂಲು ಎಳೆದು ಹತ್ತಿ, ಕನ್ನಡಿಯನ್ನು ಈಚೆಗೆ ತಿರುಗಿಸಿ, ಧೂಳನ್ನು ಅಂಗೈಯಿಂದ ಒರೆಸಿದಳು. ಒರೆಸಿದಷ್ಟು ಜಾಗದಲ್ಲಿ ಇಬ್ಬರ ಮುಖ ಮೂಡಿತು. ಅವುಗಳ ಹಿಂದೆ, ಮೊಳೆಗೆ ನೇತುಹಾಕಿದ್ದ ನಾದಿನಿಯ ಏಪ್ರನ್. ತೆರೆದ ಬಾಗಿಲ ಗಾಳಿಗೆ ಅದು ಒಮ್ಮೆ ಉಬ್ಬಿ, ಮೈ ತುಂಬಿಕೊಂಡ ಹಾಗೆ ನಿಂತು, ಮತ್ತೆ ಬರಿದಾಯಿತು.

ತಾಯಿ ಹಿಂದೆ ನಿಂತು ಕೂದಲನ್ನು ಮೂರು ಎಳೆ ಮಾಡಿದಳು. ಮಗಳು ತಿರುಗದೆ, ಕನ್ನಡಿಯೊಳಗಿನ ಅವಳ ಕಣ್ಣನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು:

"ಅಮ್ಮ, ಅವತ್ತು ನಿನ್ ಕೈನೂ ಮೇಲಿತ್ತಾ?"