ಮಾರ್ಸಿಯಾಸನ ಎಡಗೈ

ಪೋ ನದಿಯ ದಂಡೆಯ ನಮ್ಮೂರಿನ ಅರಮನೆಗೆ ನಾನು ತಾಮ್ರದ ಹಾಳೆಯಲ್ಲಿ ಚಿತ್ರ ಕೊರೆದು ಅಚ್ಚು ಹಾಕಿಕೊಡುತ್ತಿದ್ದೆ. ಅಪ್ಪನಿಂದ ಬಂದ ಕಸುಬು. ತಮ್ಮ ಲೀವಿಯೊ ಅಲ್ಲೇ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ. ಆ ವಸಂತದಲ್ಲಿ ಅವನು ಹೇಳದೆ ಕೇಳದೆ ನೇಪಲ್ಸಿಗೆ ಹೊರಟುಹೋದನೆಂದು ಅರಮನೆಯವರು ತಿಳಿಸಿದ್ದರು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆಸ್ಥಾನದ ಚಿತ್ರಕಾರ, ಅಪ್ಪನ ಗೆಳೆಯ ಫುಲ್ಜೆನ್ಸಿಯೊ ಒಂದು ಚಿತ್ರ ತಂದುಕೊಟ್ಟರು. ಅಪೊಲೊ ದೇವರ ಜೊತೆ ಸಂಗೀತದಲ್ಲಿ ಪಂತ ಕಟ್ಟಿ ಸೋತ ಮಾರ್ಸಿಯಾಸನನ್ನು ಮರಕ್ಕೆ ಬಿಗಿದು, ದೇವರು ಚರ್ಮ ಸುಲಿಯುತ್ತಿದ್ದ. ದೊರೆಯ ಹುಟ್ಟುಹಬ್ಬಕ್ಕೆ ಬರುವವರಿಗೆಲ್ಲ ಅದರ ಅಚ್ಚು ಉಡುಗೊರೆ.

ಚಿತ್ರವನ್ನು ತಾಮ್ರಕ್ಕೆ ಇಳಿಸುತ್ತ ಎಡಗೈಗೆ ಬಂದೆ. ಕಿರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು. ತೋಳಿನ ಕೆಳಗೆ ಜೋಡಿ ಮಚ್ಚೆ. ಉಳಿ ಕೆಳಗಿಟ್ಟೆ.

"ಮಾವ, ಈ ಮೈ ಯಾರ್ದು?"

"ಯಾವ್ದೋ ಹೆಣದ್ದು ಕಣಮ್ಮ. ವೈದ್ಯರ ಮನೇಲಿ ಕೊಯ್ಯೋಕೆ ಇಟ್ಟಿದ್ರು. ನೋಡಿ ಬರ್ಕೊ ಅಂತ ದೊರೆಗಳೇ ಕಳ್ಸಿದ್ರು. ಮುಖಕ್ಕೆ ಬಟ್ಟೆ ಸುತ್ತಿತ್ತು, ಗಡ್ಡ ಗಿಡ್ಡ ಎಲ್ಲ ನಾನೇ ಸೇರಿಸ್ದೆ."

"ಇದು ಲೀವಿಯೊ."

"ಏನಂದೆ?"

"ನಿಮ್ಮ ತೊಡೆ ಮೇಲೆ ಕೂತು ಅಂಜೂರ ತಿಂತಿದ್ನಲ್ಲ, ಆ ಲೀವಿಯೊ. ಬೆರಳು ನೋಡಿ."

ಅವರು ನೋಡಿದರು. ಚಿತ್ರವನ್ನು ಬೋರಲು ಹಾಕಿ ಕೂತರು.

"ಕಾರ್ನಿವಲ್ ಹಬ್ಬದಲ್ಲಿ ದೊರೆಗಳು ನುಡಿಸುವಾಗ ಶ್ರುತಿ ತಪ್ತು," ಎಂದರು. "ಇವ್ನು ನಕ್ಬಿಟ್ಟ."

"ನಕ್ಕಿದ್ದಕ್ಕಾ?"

"ನಂಗೇನ್ ಗೊತ್ತಮ್ಮ. ಈ ಕಥೇನೇ ಬರಿ ಅಂದಿದ್ದೂ ಅವ್ರೇ. ನಾನು... ಆ ಕೈ ಎಷ್ಟು ಚೆನ್ನಾಗಿದೆ ಅಂದ್ಕೊಂಡೇ ಬರ್ದೆ." ಆಮೇಲೆ, "ಜ್ವರ ಅಂತ ಹೇಳ್ಬಿಡು. ಬೇರೆಯೋರ ಕೈಲಿ ಕೊರೆಸ್ತೀನಿ," ಎಂದರು.

"ಬೇಡ ಮಾವ. ನಾನೇ ಕೊರೀತೀನಿ."

ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಎಡಗೈ ಎಡಗೈಯಾಗಿಯೇ ಬರಲೆಂದು ತಿರುಗಿಸಿ ಕೊರೆದೆ. ದೊರೆಗೆ ತೋರಿಸಿದ ಮೊದಲ ಅಚ್ಚಿನಲ್ಲಿ ಗಡ್ಡದ ಮುಖವೇ ಇತ್ತು. ಅವನು ಒಪ್ಪಿದ ಮೇಲೆ ಆ ಮುಖವನ್ನು ಹೆರೆದು, ತಗಡನ್ನು ಹಿಂದಿನಿಂದ ಬಡಿದು ಸಮಮಾಡಿ, ನನ್ನ ತಮ್ಮನ ಮುಖ ಕೊರೆದೆ. ಫುಲ್ಜೆನ್ಸಿಯೊ ಮಾವ ಪಕ್ಕದಲ್ಲಿ ದೀಪ ಹಿಡಿದು ಕೂತಿದ್ದರು.

ಔತಣದ ದಿನ ಹುರಿದ ನವಿಲು ಬಡಿಸಿದ ಮೇಲೆ ಅಚ್ಚುಗಳನ್ನು ಹಂಚಿದರು. ನಾನೂ ಬಾಗಿಲ ಬಳಿ ಇದ್ದೆ. ಕಾಗದ ಬಿಚ್ಚಿದವರು ಬಿಚ್ಚಿದಂತೆಯೇ ಕೂತರು. ಗಾಯನಶಾಲೆಯ ಮುದುಕ ಗುರು ದೊನ್ ಚೆಲ್ಸೊ ಮಾತ್ರ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ದೊರೆಯ ಕಡೆ ತಿರುಗಿ, "ಇದು ನಮ್ಮ ಹುಡುಗ ಲೀವಿಯೊ ಅಲ್ವಾ? ನೇಪಲ್ಸಲ್ಲಿದಾನೆ ಅಂದ್ರಲ್ಲ ನೀವು?" ಎಂದರು.

"ಕೊರೆದೋರು ಯಾರು?" ದೊರೆ ಕೇಳಿದ.

"ನಾನು, ಪ್ರಭು. ಅವನಕ್ಕ."

ವೆನಿಸ್ಸಿನ ರಾಯಭಾರಿ ಊಟ ಬಿಟ್ಟು ದೊರೆಯನ್ನೇ ನೋಡುತ್ತಿದ್ದ. ದೊರೆ ಹಾಳೆಯನ್ನು ಮೆಲ್ಲಗೆ ಸುರುಳಿ ಸುತ್ತಿದ. "ಕೆಲಸ ಚೆನ್ನಾಗಿದೆ," ಎಂದ. ಆಮೇಲೆ ವೈನ್ ಸುರಿಯಲು ಸನ್ನೆ ಮಾಡಿದ.

ಅಷ್ಟೇ. ಚಾಕು ತಟ್ಟೆಗಳ ಸದ್ದು ಮತ್ತೆ ಶುರುವಾಯಿತು. ನಾನು ನಿಂತಲ್ಲೇ ನಿಂತಿದ್ದೆ. ವೈದ್ಯ ನನ್ನ ಹಿಂದೆ ಬಂದು, ತನ್ನ ಮನೆ ತೋಟದ ಗೋಡೆ ಪಕ್ಕ ಅವನ ದೇಹ ಹೂತಿದೆ, ಬೇಗ ತೆಗೆದುಕೊಂಡು ಹೋಗು ಎಂದು ಪಿಸುಗುಟ್ಟಿದ.

ಮರುದಿನ ಸಿಕ್ಕಷ್ಟನ್ನು ಅಗೆದು ತೆಗೆದು, ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದೆವು. ಪೆಟ್ಟಿಗೆ ಹಗುರವಾಗಿತ್ತು. ಹೂಳುವ ಮೊದಲು ಬಿಚ್ಚಿ ತೋರಿಸು ಎಂದು ಅಮ್ಮ ಹಟ ಹಿಡಿದಿದ್ದಳು. ನಾನು ಒಪ್ಪಲಿಲ್ಲ.