ಹೊದಿಕೆ ತೆಗೆಯುವ ಹೊತ್ತು

ಮೊದಲ ಹೆರಿಗೆಗೆ ಮಾಸ್ತಿ ಹತ್ತಿರದ ತವರಿಗೆ ಬಂದಿದ್ದೆ. ಎಂಬತ್ತೊಂದನೇ ಇಸವಿಯ ಮಾಗಿ ಚಳಿ. ಮನೆಯಲ್ಲಿ ಅರ್ಧ ರೇಷ್ಮೆ ಹುಳದ್ದು, ಉಳಿದರ್ಧ ನಮ್ಮದು.

ಮಲಗಿಸಿದ ಮಗುವನ್ನು ನೋಡಲು ಹೋದರೆ ಮಗುವೇ ಕಾಣುತ್ತಿರಲಿಲ್ಲ. ಅಮ್ಮ ತಲೆಗೆ ಕುಲಾವಿ ಕಟ್ಟಿ, ಎರಡೂ ಕಡೆ ದಿಂಬು ಒತ್ತಿ, ಮೇಲೆ ಅಪ್ಪನ ಕಂಬಳಿ ಹೊದಿಸಿರುತ್ತಿದ್ದಳು. ನಾನು ಸರಿಸುತ್ತಿದ್ದೆ. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಕಂಬಳಿ ಮತ್ತೆ ಮಗುವಿನ ಮುಖದ ಮೇಲಿರುತ್ತಿತ್ತು. ಅವತ್ತು ಎತ್ತಿಕೊಂಡಾಗ ಮಗುವಿನ ಕತ್ತೆಲ್ಲ ಬೆವರು, ಮುಖ ಕೆಂಪು.

“ಅಮ್ಮಾ, ಆಸ್ಪತ್ರೆ ನರ್ಸಮ್ಮ ಏನಂದ್ರು? ಅಂಗಾತ ಮಲಗ್ಸಿ, ದಿಂಬು ಇಡ್ಬೇಡಿ, ಮುಖ ಮುಚ್ಬೇಡಿ ಅಂತ ತಾನೆ? ಉಸಿರು ಕಟ್ಟಿದ್ರೆ?”

“ನಿಮ್ಮ ನರ್ಸಮ್ಮ ಎಷ್ಟು ಹೆತ್ತವ್ಳೆ ಕೇಳ್ಕೊಂಡ್ ಬಾ ಹೋಗೇ! ಎಳೇ ಹುಳಕ್ಕೆ ಮೇಣದ ಕಾಗದ ಹೊದಿಸಲ್ವಾ? ಇದೂ ಅಂಗೇ ಕಣೇ.” ಆಮೇಲೆ ದನಿ ಇಳಿಸಿದಳು. “ನಿನಗಿಂತ ಮುಂಚೆ ಹುಟ್ಟಿದ್ದು ಇಂಥಾ ಚಳೀಲೇ ಹೋಗ್ಬಿಡ್ತು.”

ಅಮ್ಮ ಹುಳದ ಕೋಣೆಗೆ ಹೋದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೂ ಹೋದೆ. ತಟ್ಟೆಗಳ ಮೇಲಿನ ಮೇಣದ ಕಾಗದವನ್ನು ಅವಳು ತೆಗೆದು ಮಡಿಸುತ್ತಿದ್ದಳು. ಹುಳಗಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತಿದ್ದವು. ಪೊರೆ ಬಿಡುವ ಮುಂಚಿನ ಈ ನಿದ್ದೆಗೆ ನಮ್ಮಲ್ಲಿ ಜ್ವರ ಎನ್ನುತ್ತಾರೆ.

“ಕಾಗದ ಯಾಕಮ್ಮಾ ತೆಗೀತೀಯ? ಚಳಿ ಅಲ್ವಾ?”

“ಜ್ವರಕ್ಕೆ ಕೂತವೆ, ಕಾಣ್ಸಲ್ವಾ? ನಿದ್ದೆ ಮಾಡೋವಾಗ ಗಾಳಿ ಆಡ್ಬೇಕು. ಮುಚ್ಚಿದ್ರೆ ಬೆವತು...”

ಅಮ್ಮನ ಕೈ ನಿಂತಿತು. ನನ್ನ ಹೆಗಲ ಮೇಲಿನ ಒದ್ದೆ ಕತ್ತನ್ನು ಮುಟ್ಟಿ ನೋಡಿದಳು.

“ಭಲೇ ಕಿಲಾಡಿ ಕಣೇ. ಹುಳದ ಕೈಲಿ ನನಗೆ ಬುದ್ಧಿ ಹೇಳಿಸ್ತೀಯ?”

“ಹೇಳಿದ್ದು ನೀನೇ, ನಾನಲ್ಲ.”

ಅವಳೇ ದಿಂಬು ತೆಗೆದಳು. ಚಾಪೆಯ ಮೇಲೆ ಹತ್ತಿ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಬೆಚ್ಚನೆ ಅಂಗಿ ತೊಡಿಸಿ ಮಗುವನ್ನು ಅಂಗಾತ ಮಲಗಿಸಿದಳು. ಗಾಳಿ ಬೀಸುವ ಕಡೆಯ ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಕಂಬಳಿಯನ್ನು ತಾನೇ ಹೊದ್ದು ಪಕ್ಕದಲ್ಲಿ ಕೂತು, “ನಾ ತಂಡ್ರೀ” ಎಂದಳು, ನನ್ನಪ್ಪಾ ಅಂತ. ಮುದ್ದು ಬಂದಾಗ ಅವಳಿಗೆ ತೆಲುಗೇ.

ಸಂಜೆ ಪಕ್ಕದ ಮನೆಯ ದೊಡ್ಡಗಂಗಮ್ಮ ಬಂದು, “ಏನಕ್ಕಾ, ಮಗೂಗೆ ಏನೂ ಹೊದಿಸಿಲ್ಲ?” ಎಂದು ಕಂಬಳಿಗೆ ಕೈ ಹಾಕಿದಳು.

“ಮುಟ್ಬೇಡ! ಜ್ವರಕ್ಕೆ ಕೂತಿದೆ.”

“ಅಯ್ಯೋ, ಮಗೂಗೆ ಜ್ವರವಾ?”

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗುವಿನ ಪುಟ್ಟ ಎದೆ ಏರುತ್ತ ಇಳಿಯುತ್ತ ಇರುವುದು ಬಾಗಿಲಿನವರೆಗೂ ಕಾಣುತ್ತಿತ್ತು.