ಹನುಮಂತ್ರಾಯನ ಮೊಣಕಾಲಿಗೆ ಡ್ರೆಸಿಂಗು

ಹದಿನೈದು ದಿನದ ಹಿಂದೆ ರಾಯಚೂರಿನ ಡಾಕ್ಟರೊಬ್ಬರು ಹನುಮಂತ್ರಾಯನಿಗೆ ಶುಗರ್ ಇದೆ ಎಂದು ಹೇಳಿ, ಮಟನ್ ಬಂದ್ ಮಾಡಿ, ದಿನಾ ಎರಡು ಹೊತ್ತು ಒಂದೊಂದು ಬಟ್ಟಲು ಹಸಿ ತರಕಾರಿ ತಿನ್ನಬೇಕೆಂದು ಬರೆದುಕೊಟ್ಟಿದ್ದರು. ಅಂದಿನಿಂದ ಮಾನ್ವಿಯ ಅವರ ಮನೆಯಲ್ಲಿ ನೆಮ್ಮದಿ ಇರಲಿಲ್ಲ.

"ಸೌತಿಕಾಯಿ, ಗಜ್ಜರಿ ಹಸೀದ ತಿನ್ನಾಕ ನಾನೇನು ಆಡೋ ಕುರಿಯೋ?" ಎಂದು ಅವನು ಸೌತೆಕಾಯಿ, ಕ್ಯಾರೆಟ್ಟಿನ ತಟ್ಟೆ ಸರಿಸುತ್ತಿದ್ದ. ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಗಟ್ಟಿ ಆಳು ಅವನು. ತರಕಾರಿಗಿಂತ ದೊಡ್ಡ ಚಿಂತೆ ಅವನಿಗೆ ಇನ್ನೊಂದಿತ್ತು. ಯಾರಿಗೆ ಶುಗರ್ ಬಂತೆಂದು ಕೇಳಿದರೂ "ಬಾಯಿ ಕಟ್ಟಾಕ ಆಗ್ಲಾರದ ಮಂದಿ" ಎಂದು ನಕ್ಕವನು ಅವನೇ. ಹಾಗಾಗಿ ಸುದ್ದಿ ಮನೆಯ ಹೊಸ್ತಿಲು ದಾಟಬಾರದೆಂದು ಹೆಂಡತಿ ಗೋಪಮ್ಮನಿಂದ ಆಣೆ ಮಾಡಿಸಿಕೊಂಡಿದ್ದ.

ರಾಯಚೂರಿನಲ್ಲಿ ಓದುತ್ತಿದ್ದ ಮಗಳು ರಾಧಾ ಫೋನಿನಲ್ಲಿ ದಾರಿ ತೋರಿಸಿದಳು. "ಯವ್ವಾ, ತರಕಾರಿ ಮ್ಯಾಲ ಡ್ರೆಸಿಂಗ್ ಹಾಕಿ ಕೊಡು. ಗಟ್ಟಿ ಮೊಸರು, ಕೊತ್ತಂಬರಿ, ಪುದೀನಾ, ಬಳ್ಳೊಳ್ಳಿ ಹಾಕಿ ನುಣ್ಣಗ ರುಬ್ಬು. ಅಪ್ಪ ತಟ್ಟಿ ನೆಕ್ಕತಾನ ನೋಡು."

"ಅದು ಚಟ್ನಿ ಅಲ್ಲೇನು?"

"ಚಟ್ನಿ ಅನಬ್ಯಾಡ ಬೇ. ಡ್ರೆಸಿಂಗ್ ಅನ್ನು."

ಗೋಪಮ್ಮನಿಗೆ ಆ ಹೆಸರು ಹಿಡಿಸಿತು. ಶನಿವಾರ ರಾತ್ರಿಯೇ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿದಳು. ಭಾನುವಾರ ಬೆಳಿಗ್ಗೆ ನೀರೆಲ್ಲ ಇಳಿದು ಮೊಸರು ಬೆಣ್ಣೆಯಂತಾಗಿತ್ತು. ಅದಕ್ಕೆ ಸೊಪ್ಪು, ಬೆಳ್ಳುಳ್ಳಿ, ಉಪ್ಪು, ಎರಡು ನಿಂಬೆಹಣ್ಣಿನ ರಸ ಸೇರಿಸಿದಳು. ಸಬ್ಬಸಿಗೆ ಸೊಪ್ಪೂ ಮನೆಯಲ್ಲಿತ್ತು, ಅದೂ ಬಿತ್ತು. ಮೆಣಸಿನಕಾಯಿಯ ವಿಷಯ ಮಗಳು ಹೇಳಿರಲಿಲ್ಲ. ಖಾರವಿಲ್ಲದ್ದನ್ನು ಈ ಮನುಷ್ಯ ತಿಂದಾನೆಯೇ ಎಂದು ಐದು ಹಸಿಮೆಣಸಿನಕಾಯಿ ಹಾಕಿ ಮಿಕ್ಸಿ ತಿರುವಿದಳು.

ಅಷ್ಟರಲ್ಲಿ ದೇವದುರ್ಗದಿಂದ ತಂಗಿ ಬೂದೆಮ್ಮನ ಫೋನು. "ಅಕ್ಕಾ, ಕುರಿ ಕಾಲಿನ ಸೂಪ್ ಇಟ್ಟೀನಿ. ಮಾಮಾನ್ನ ಕರ್ಕೊಂಡು ಬಾ."

ಗೋಪಮ್ಮ ಗಂಡನತ್ತ ನೋಡಿದಳು. ಅವನು ತುಟಿಗೆ ಬೆರಳಿಟ್ಟುಕೊಂಡು ತಲೆ ಅಲ್ಲಾಡಿಸಿದ.

"ಬರಾಕ ಆಗಂಗಿಲ್ಲ ಬೇ. ನಿಮ್ಮ ಮಾಮಾಗ ಡ್ರೆಸಿಂಗ್ ಮಾಡಾಕತ್ತೀನಿ."

"ಡ್ರೆಸಿಂಗ್? ಮಾಮಾಗ ಏನಾತು?"

"ಏನಿಲ್ಲ ಬಿಡು. ದಿನಾ ಎರಡು ಹೊತ್ತು ಆಗಬೇಕಂತ ಡಾಕ್ಟರು ಹೇಳ್ಯಾರ."

"ಭಾಳ ಆಗ್ಯಾದೇನು?"

"ಒಂದು ಬಟ್ಟಲ ತುಂಬ ಆಗ್ಯಾದ. ಗಟ್ಟಿಗೆ, ಹಸರಗ."

ಬೂದೆಮ್ಮ ಸಣ್ಣ ದನಿಯಲ್ಲಿ ಕೇಳಿದಳು, "ವಾಸನಿ ಬರ್ತದೇನಕ್ಕಾ?"

"ಓಣಿ ತುಂಬ ಹೊಡ್ಯಾಕತ್ತದ!" ಎಂದಳು ಗೋಪಮ್ಮ ಹೆಮ್ಮೆಯಿಂದ.

"ಮಾಮಾ ತಡಕೋತಾನೇನು?"

"ಎಲ್ಲೀದು? ನೋಡಿದ್ರನ ಒದರತಾನ. ರೂಢಿ ಆಗ್ತದ ತಗೊ. ಬೆಳಿಗ್ಗೀನೇ ಎಲ್ಲಾ ಕತ್ತರಿಸಿ ಇಟ್ಟೀನಿ."

"ಅಯ್ಯಯ್ಯೋ ಯವ್ವಾ!" ಎಂಬ ಕೂಗಿನೊಂದಿಗೆ ಫೋನು ಕಟ್ ಆಯಿತು. ಸೂಪು ಉಕ್ಕಿರಬೇಕು ಎಂದುಕೊಂಡು ಗೋಪಮ್ಮ ಮತ್ತೆ ಮಿಕ್ಸಿ ಹಚ್ಚಿದಳು.

ಮಧ್ಯಾಹ್ನ ಅಂಗಳದಲ್ಲಿ ಅಳು ಕೇಳಿಸಿತು. ಹೊರಗೆ ಬಂದರೆ ಬೂದೆಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಾಳೆ. ಅವಳ ಗಂಡ ದುರುಗೇಶನ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಸೂಪಿನ ಡಬ್ಬಿ. ಅವರ ಹಿಂದೆ, ಆ ಡಬ್ಬಿಯಿಂದ ನಾಲ್ಕು ಮಾರು ದೂರದಲ್ಲಿ, ಮಾಂಸದ ವಾಸನೆಗೆ ಮೂಗಿಗೆ ಶಲ್ಯ ಹಿಡಿದುಕೊಂಡು ದೇವದುರ್ಗದ ನಾಟಿ ವೈದ್ಯ ಮಹಾಂತಯ್ಯ.

"ಯಾವ ಕಾಲು ಅಕ್ಕಾ?" ಎಂದು ಬೂದೆಮ್ಮ ಬಿಕ್ಕಿದಳು. "ಗಿರಣಿ ಚೀಲ ಕಾಲ ಮ್ಯಾಲ ಬಿದ್ದಿರಬೇಕು. ಕೀವು ತುಂಬಿ ಕಾಲು ಕತ್ತರಿಸಿದ್ರೂ ನಮಗೊಂದು ಮಾತು ಹೇಳಲಿಲ್ಲಲ್ಲ! ಎಲುಬಿಗೆ ಬಲ ಬರಲಿ ಅಂತ ಸೂಪ್ ತಂದೀನಿ."

ಗೋಪಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಕಿಟಕಿಯ ಒಳಗಿದ್ದ ಹನುಮಂತ್ರಾಯನಿಗೆ ಮಾತ್ರ 'ಸೂಪ್' ಎಂಬುದೊಂದು ಸ್ಪಷ್ಟವಾಗಿ ತಿಳಿಯಿತು. ಹದಿನೈದು ದಿನದಿಂದ ಮಸಾಲೆಯ ವಾಸನೆ ಕಾಣದ ಮನುಷ್ಯ. ಎಲ್ಲರೂ ಒಳಗೆ ಬರುವಷ್ಟರಲ್ಲಿ ಮೊಣಕಾಲಿಗೆ ಟವೆಲ್ ಸುತ್ತಿಕೊಂಡು ಮಂಚದ ಮೇಲೆ ಮಲಗಿ ನರಳುತ್ತಿದ್ದ.

ಬೂದೆಮ್ಮ ಓಡಿಹೋಗಿ ಕಾಲುಗಳನ್ನು ಮುಟ್ಟಿ ನೋಡಿದಳು. "ಎರಡೂ ಅದಾವ!"

"ಗಿರಣ್ಯಾಗ ಜಾರಿ ಬಿದ್ದೆ ನೋಡವ್ವಾ," ಎಂದ ಅವನು ಕ್ಷೀಣ ದನಿಯಲ್ಲಿ. "ಸೂಪ್ ಬಿಸಿ ಐತೇನು?"

ಗೋಪಮ್ಮ ಗಂಡನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಬೆಳಿಗ್ಗೆ ತಾನು ಫೋನಿನಲ್ಲಿ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ನಗು ಬಂತು, ತಡೆದುಕೊಂಡಳು.

"ಸೂಪ್ ಆಮ್ಯಾಲ," ಎಂದರು ಮಹಾಂತಯ್ಯ. "ಮೊದಲು ಪಟ್ಟಿ. ತಾಯಿ, ಸೊಪ್ಪು ಅರದೀರೇನು?"

ಗೋಪಮ್ಮ ಡ್ರೆಸಿಂಗಿನ ಬಟ್ಟಲು ತಂದು ಮುಂದಿಟ್ಟಳು. ಮಹಾಂತಯ್ಯ ಮೂಸಿ ನೋಡಿ ಕಣ್ಣರಳಿಸಿದರು. "ಪುದೀನಾ, ಸಬ್ಬಸಗಿ, ಮ್ಯಾಲ ಮೊಸರು! ಭಾಳ ತಂಪು. ಯಾರು ಹೇಳ್ಯಾರ ಈ ಮದ್ದು?"

"ನನ್ನ ಮಗಳು ರೀ."

"ಜಾಣಿ ಅದಾಳ." ಟವೆಲ್ ಬಿಚ್ಚಿದರು. ಶನಿವಾರ ಚೀಲದ ಕೊಕ್ಕೆ ತಾಗಿ ಮೊಣಕಾಲಿನ ಮೇಲೆ ನಿಜವಾಗಿಯೇ ಒಂದು ಉದ್ದ ಗೀರು ಆಗಿತ್ತು. ಹನುಮಂತ್ರಾಯ ಹೆಂಡತಿಯತ್ತ ದೀನನಾಗಿ ನೋಡಿದ.

"ದಪ್ಪಗ ಹಚ್ಚರಿ ಅಯ್ಯನೋರ," ಎಂದಳು ಗೋಪಮ್ಮ.

ಉಪ್ಪು, ನಿಂಬೆರಸ, ಐದು ಹಸಿಮೆಣಸಿನಕಾಯಿ. ಅವನು ಹಲ್ಲು ಕಚ್ಚಿ ನಾಲ್ಕು ಎಣಿಸುವಷ್ಟು ಹೊತ್ತು ತಡೆದ. ಐದಕ್ಕೆ "ಯಪ್ಪಾ ಸತ್ತೆ!" ಎಂದು ಮಂಚದಿಂದ ಹಾರಿ, ದುರುಗೇಶನನ್ನು ದಾಟಿ, ಅಂಗಳದ ನೀರಿನ ತೊಟ್ಟಿಗೆ ಕಾಲು ಇಳಿಬಿಟ್ಟ.

ಮಹಾಂತಯ್ಯ ತಮ್ಮ ಹಸಿರು ಬೆರಳುಗಳನ್ನೇ ನೋಡಿಕೊಂಡರು. "ಮೂವತ್ತು ವರ್ಷದಾಗ ಇಷ್ಟು ಲಗೂನ ಯಾರೂ ಎದ್ದು ಓಡಿದ್ದಿಲ್ಲ!"

ಗೋಪಮ್ಮ ಗೋಡೆಗೆ ಆತು ಕುಳಿತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಆಣೆಯನ್ನೂ ಮರೆತು ಮೊದಲಿನಿಂದ ಎಲ್ಲ ಹೇಳಿದಳು: ಸೌತೆಕಾಯಿ, ಮಗಳು, ಮೊಸರು, ಶುಗರು. ಬೂದೆಮ್ಮ ಮೊದಲು ಸಿಟ್ಟಾದಳು, ಮರುಗಳಿಗೆ ಅಕ್ಕನ ಹೆಗಲಿಗೆ ಒರಗಿ ತಾನೂ ನಕ್ಕಳು. ಒದ್ದೆ ಕಾಲಿನಲ್ಲಿ ಬಂದ ಹನುಮಂತ್ರಾಯ ತಲೆ ತಗ್ಗಿಸಿ ಬಾಗಿಲಲ್ಲೇ ನಿಂತ.

ದುರುಗೇಶ ಅವನ ಹತ್ತಿರ ಹೋಗಿ ಸಮಾಧಾನ ಹೇಳಿದ. "ನಾಚಬ್ಯಾಡ ಅಣ್ಣಾ. ನನಗೂ ಶುಗರ್ ಬಂದು ಎರಡು ವರ್ಷ ಆತು. ನೀ ನಗ್ತಿ ಅಂತ ಹೇಳಿದ್ದಿಲ್ಲ."

ಬೂದೆಮ್ಮನ ನಗು ಅಲ್ಲಿಗೇ ನಿಂತಿತು. "ಏನಂದಿ? ಎರಡು ವರ್ಷ?"

ಅವಳಿಗೂ ಅವನು ಹೇಳಿರಲಿಲ್ಲ.

ಅಂದಿನ ಊಟ ಹೀಗಾಯಿತು: ಸೂಪಿನ ಡಬ್ಬಿಯನ್ನು ಅಕ್ಕತಂಗಿಯರು ಅಡುಗೆಮನೆಗೆ ಒಯ್ದು, ಬಾಗಿಲು ಮುಂದೆ ಮಾಡಿಕೊಂಡು, ಸದ್ದು ಮಾಡುತ್ತಾ ಕುಡಿದರು. ಹೊರಗೆ ಗಂಡಸರಿಗೆ ರೊಟ್ಟಿ, ಸೌತೆಕಾಯಿ, ಗಜ್ಜರಿ, ಜೊತೆಗೆ ಮಿಕ್ಸಿ ಜಾರಿನಲ್ಲಿ ಉಳಿದಿದ್ದ ಡ್ರೆಸಿಂಗು. ಮಹಾಂತಯ್ಯ ಅದರಲ್ಲಿ ರೊಟ್ಟಿ ಅದ್ದಿ ತಿಂದು, ಮದ್ದು ಹಚ್ಚುವುದಕ್ಕಿಂತ ಹೊಟ್ಟೆಗೆ ತಗೊಂಡರೇ ಒಳ್ಳೆಯದು ಎಂದು ತೀರ್ಮಾನ ಕೊಟ್ಟರು. ಹನುಮಂತ್ರಾಯ ಮೊಣಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಲೇ ಒಂದು ಗಜ್ಜರಿ ತುಂಡು ಅದ್ದಿ ಬಾಯಿಗಿಟ್ಟ. ಇನ್ನೊಂದನ್ನು ಅದ್ದಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ.

"ಏ ಇಕಿ, ಇದು ಇನ್ನಾ ಐತೇನು? ಈ ದುರುಗೇಶ ಎಲ್ಲಾ ಬಳಕೊಂಡು ತಿನ್ನಾಕತ್ತಾನ!"